ಮೂಲೆಯ ಟೈಲ್ಸ್

ಗುರುಮಠಕಲ್ ಹತ್ತಿರ, ಊರಿನಿಂದ
೧೨ ಫೆಬ್ರವರಿ ೨೦೦೬

ಅಪ್ಪಾ,

ಪತ್ರದ ತಲೆಗೆ ‘ತೀರ್ಥರೂಪ’ ಎಂದು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಹಾಗೆ ಬರೆದರೆ ನೀನು ಅದನ್ನು ಹುಸೇನಪ್ಪ ಕಾಕಾನ ಮುಂದೆ ಹಿಡಿದು ನಗುತ್ತೀಯ ಎಂದು ಬಿಟ್ಟಿದ್ದೇನೆ. ಒಂದೇ ಕೋಣೆಯಲ್ಲಿ ಇರುವವರು ನೀವು, ಆದರೂ ಈ ಪತ್ರವನ್ನು ಮಾತ್ರ ಒಬ್ಬನೇ ಓದು. ಫೋನ್ ಮಾಡಬಹುದಿತ್ತು. ನಮ್ಮೂರ ಬೂತ್‌ನಲ್ಲಿ ಒಬ್ಬರು ಮಾತಾಡಿದರೆ ಹೊರಗೆ ಕಟ್ಟೆಯ ಮೇಲೆ ಕೂತವರೆಲ್ಲ ಉತ್ತರ ಕೊಡುತ್ತಾರೆ. ನಾನು ಹೇಳಬೇಕಾದದ್ದು ಹಲ್ಲಿನ ವಿಷಯ.

ಹೋದ ತಿಂಗಳು ಹೈದರಾಬಾದಿನ ಆ ಕಂಪನಿಯಲ್ಲಿ ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದಾಗ ನೀನು ಗೇಟಿನ ಹತ್ತಿರ ನಿಂತು, ‘ಏನಂದ್ರವ್ವ?’ ಎಂದು ಕೇಳಿದಿ. ‘ಆಮ್ಯಾಲ ತಿಳಸ್ತಾರಂತ’ ಎಂದೆ. ಅದು ಸುಳ್ಳು. ಅಲ್ಲಿಯ ಮೇಡಂ ಅವತ್ತೇ ಎಲ್ಲ ಹೇಳಿದ್ದರು. ನನಗೆ ಹಿಂದಿ, ತೆಲುಗು, ಕನ್ನಡ ಮೂರೂ ಬರುತ್ತವೆ, ಇಂಗ್ಲಿಷ್ ಕೂಡ ಸುಧಾರಿಸುತ್ತದೆ, ಆದರೆ ರಿಸೆಪ್ಷನ್‌ನಲ್ಲಿ ಕೂತವರು ಬಂದವರನ್ನು ನೋಡಿ ನಗಬೇಕಾಗುತ್ತದೆ ಎಂದರು. ನಾನು ಮಾತಾಡುವಷ್ಟು ಹೊತ್ತೂ ಕೈ ಬಾಯಿಯ ಮುಂದೆ ಇಟ್ಟುಕೊಂಡಿದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ. ಹೊಸ ಕಟ್ಟಡ ಜೂನ್‌ನಲ್ಲಿ ತೆರೆಯುತ್ತದೆ, ಅಷ್ಟರೊಳಗೆ ಹಲ್ಲಿಗೆ ಏನಾದರೂ ಮಾಡಿಸಿಕೊಂಡು ಬಾ, ಜಾಗ ಇಟ್ಟಿರುತ್ತೇನೆ ಎಂದರು. ಕೆಟ್ಟ ಮಾತಿನಲ್ಲಿ ಹೇಳಲಿಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದರು. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ನಮ್ಮ ಓಣಿಯಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರೆಲ್ಲರ ಹಲ್ಲೂ ಹೀಗೆಯೇ, ಕಂದು ಪಟ್ಟೆ, ನಡುನಡುವೆ ಸುಣ್ಣದಂಥ ಮಚ್ಚೆ. ಇಲ್ಲಿ ಯಾರಿಗೂ ಅದು ಕಾಣುವುದಿಲ್ಲ. ಆಯಿಯ ಮುಂದೆ ಕೂತು ಅತ್ತುಬಿಟ್ಟೆ. ಅವಳು ಎಂದಿನಂತೆ ಹೊಸ್ತಿಲ ಮೇಲೆ ಕೂತು ಮಿಸ್ರಿ ತಿಕ್ಕುತ್ತಿದ್ದಳು. ಸುಟ್ಟ ತಂಬಾಕಿನ ಪುಡಿಯ ಆ ಕರಿಬಾಯಿಯಿಂದಲೇ, ‘ನಮ್ಮ ಕಾಲದಾಗ ಹಲ್ಲು ಕರ್ರಗಿದ್ರ ಚೆಂದ ಅಂತಿದ್ರು. ಈಗ ಬೆಳ್ಳಗ ಬೇಕಂತ. ಸೀರಿಗೆ ಆತು, ಕುಪ್ಪಸಕ್ಕ ಆತು, ಇನ್ನ ಹಲ್ಲಿಗೂ ಫ್ಯಾಷನ್ ಬಂತು ನೋಡು’ ಎಂದಳು. ನಿನ್ನ ಅವ್ವನಿಗೆ ಅಳುವವರನ್ನು ನಗಿಸಿ ಕಳಿಸುವುದು ಬಿಟ್ಟು ಬೇರೆ ಔಷಧ ಗೊತ್ತಿಲ್ಲ.

ಪೇಪರಿನಲ್ಲಿ ಜಾಹೀರಾತು ನೋಡಿದೆ, ಒಂದೇ ಸಲಕ್ಕೆ ಹಲ್ಲು ಬೆಳ್ಳಗಾಗುತ್ತದಂತೆ. ಮಿಯಾಪುರದಲ್ಲಿ ಹಲ್ಲಿನ ಡಾಕ್ಟರ್ ಒಬ್ಬರ ದವಾಖಾನೆಗೆ ನೀನೇ ಟೈಲ್ಸ್ ಹಾಕಿದ್ದಿ ಎಂದಿದ್ದೆಯಲ್ಲ, ಕನ್ನಡ ಮಾತಾಡುತ್ತಾರೆ ಎಂದು. ಅವರನ್ನು ಒಮ್ಮೆ ಕೇಳುತ್ತೀಯಾ? ನನಗೆ ಆ ಕೆಲಸ ಬೇಕು ಅಪ್ಪಾ. ಇಲ್ಲಿ ಕೂತು ಕೂತು ಸಾಕಾಗಿದೆ.

ನಿನ್ನ ಮಗಳು,
ಭಾಗ್ಯಾ


ಮಿಯಾಪುರ
೫ ಮಾರ್ಚ್ ೨೦೦೬

ಭಾಗ್ಯವ್ವಾ,

ನಿನ್ನ ಪತ್ರ ಒಬ್ಬನೇ ಓದಿದೆ. ಉತ್ತರ ತಡವಾಯಿತು. ಸಿಮೆಂಟಿನಲ್ಲಿ ಕೈ ಒಡೆದಿದೆ, ಪೆನ್ನು ಹಿಡಿದರೆ ಉರಿಯುತ್ತದೆ. ಏಳನೆಯ ಇಯತ್ತೆಯವರೆಗೆ ಓದಿದ್ದು ನಿನಗೆ ಪತ್ರ ಬರೆಯಲಿಕ್ಕಾದರೂ ಬಂತಲ್ಲ.

ಮೊದಲು ಒಂದು ಸುದ್ದಿ. ಆ ಹೊಸ ಕಟ್ಟಡಕ್ಕೆ ಹುಡುಗಿಯರು ಬೇಕೆಂದು ನಮಗೆ ಹೇಳಿದವರು ನಮ್ಮ ಸೂಪರ್‌ವೈಸರ್ ತಾನೆ? ಅದರ ಒಳಗಿನ ಕೆಲಸ ಈಗ ನಮ್ಮ ತಂಡಕ್ಕೇ ಸಿಕ್ಕಿದೆ. ಬಾಗಿಲಿನಿಂದ ಲಿಫ್ಟಿನವರೆಗೆ ನೆಲ ನನ್ನದು. ರಿಸೆಪ್ಷನ್ ಕೌಂಟರ್ ಎಲ್ಲಿ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಟ್ಟಿದ್ದಾರೆ. ನೀನು ಕೂರುವ ಜಾಗಕ್ಕೆ ಟೈಲ್ಸ್ ಜೋಡಿಸುವಾಗ ಮಟ್ಟದ ಕೊಳವೆಯನ್ನು ಮತ್ತೆ ಮತ್ತೆ ಇಟ್ಟು ನೋಡಿದೆ. ಹುಸೇನಪ್ಪ, ‘ಅಲ್ಲೇನು ನಿಮ್ಮಪ್ಪನ ಸಮಾಧಿ ಕಟ್ಟಾಕತ್ತೀಯೇನು, ಮುಂದ ನಡಿ’ ಎಂದ.

ಡಾಕ್ಟರ್ ಶರ್ವರಿ ಬಾಯಿಯವರ ಹತ್ತಿರ ಹೋಗಿದ್ದೆ. ಒಳ್ಳೆಯವರು, ಕುರ್ಚಿ ತೋರಿಸಿ ಕೂರಿಸಿದರು. ನಿನ್ನ ಹಲ್ಲು ಹೇಗಿದೆ ಎಂದು ಕೇಳಿದಾಗ ನಾನು ನನ್ನ ಬಾಯಿಯನ್ನೇ ತೆರೆದು ತೋರಿಸಿದೆ. ಅದೇ ನೀರು, ಅದೇ ಬಣ್ಣ ತಾನೆ. ಅವರು ದೀಪ ಹಾಕಿ ನೋಡಿ ಹೇಳಿದರು, ‘ಅಂಬಾದಾಸ, ಇದು ಹೊರಗಿನ ಹೊಲಸಲ್ಲ. ಹಲ್ಲು ಇನ್ನೂ ಒಸಡಿನೊಳಗ ತಯಾರಾಗಾಕತ್ತಿದ್ದಾಗ ನೀರಾಗಿನ ಫ್ಲೋರೈಡ್ ಕೂಡಿ ಬಂದ ಬಣ್ಣ. ತಿಕ್ಕಿದ್ರ ಹೋಗೂದಿಲ್ಲ. ಬೆಳ್ಳಗ ಮಾಡೋ ಔಷಧ ಐತಿ, ಗಟ್ಟಿ ಹಲ್ಲಿಗೆ ನೋಡಿಕೊಂಡು ಹಚ್ಚಿದ್ರ ದೊಡ್ಡ ಅಪಾಯ ಇಲ್ಲ. ಸ್ವಲ್ಪ ದಿನ ತಣ್ಣೀರು ಜುಮ್ ಅಂತೈತಿ, ಒಸಡಿಗೆ ತಾಕಿದ್ರ ಸುಡ್ತೈತಿ. ಆದ್ರ ಇಂಥಾ ಹಲ್ಲಿಗೆ ಹಚ್ಚಿದ್ರ ಬಿಳಿ ಮಚ್ಚಿ ಇನ್ನಷ್ಟು ಬೆಳ್ಳಗಾಗಿ ಪಟ್ಟಿ ಪಟ್ಟಿ ಕಾಣ್ಬಹುದು. ಹುಡುಗೀನ್ನ ಕರಕೊಂಡು ಬರ್ರಿ. ಹುಳುಕು ಏನರೆ ಐತೇನು ನೋಡಿ, ಮೊದಲು ಒಂದೇ ಹಲ್ಲಿಗೆ ಹಚ್ಚಿ ನೋಡ್ತೀನಿ. ತಿಂಗಳುಗಟ್ಟಲೆ ಹಿಡೀತೈತಿ. ಪೂರಾ ಬೆಳ್ಳಗಾಗ್ತೈತಿ ಅಂತ ಮಾತು ಕೊಡೂದಿಲ್ಲ.’

ನನಗೆ ಸಮಾಧಾನ ಆಗಲಿಲ್ಲ. ಅಲ್ಲಿ ಟೈಲ್ಸ್ ಹಾಕುವಾಗ ನನ್ನ ಕಣ್ಣಾರೆ ನೋಡಿದ್ದೇನೆ, ಕೊರಳಿಗೆ ಪಟ್ಟಿ ತೂಗುಹಾಕಿಕೊಂಡ ಕಂಪ್ಯೂಟರ್ ಹುಡುಗರು ಊಟ ಮಾಡಿ ಬಂದು ಮಲಗುತ್ತಾರೆ, ಚಹಾದ ಹೊತ್ತಿಗೆ ಬೆಳ್ಳಗಾಗಿ ಎದ್ದು ಹೋಗುತ್ತಾರೆ. ಅವರಿಗೆ ಒಂದು ಮಧ್ಯಾಹ್ನ, ನಮಗೆ ತಿಂಗಳುಗಟ್ಟಲೆಯೇ? ಗಾರೆಯವನ ಮಗಳು ಎಂದು ಸಾಗಹಾಕಿದರು ಎನಿಸುತ್ತದೆ. ಕೈ ಮುಗಿದು ಬಂದೆ.

ಒಂದೇ ಹಲ್ಲಿಗೆ ಹಚ್ಚಿ ನೋಡುವ ಮಾತು ಮಾತ್ರ ನನಗೆ ಸರಿ ಕಂಡಿತು. ನಾವೂ ಹಾಗೆಯೇ ಮಾಡುವುದು. ನೆಲ ಹಾಕಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಆಸಿಡ್ ಹಾಕುತ್ತೇವೆ. ಕೆಲವು ಟೈಲ್ಸ್ ಅದನ್ನು ತಡೆಯುತ್ತವೆ, ಕೆಲವಕ್ಕೆ ಹೊಳಪು ಹೋಗಿಬಿಡುತ್ತದೆ. ಆವತ್ತು ತೊಳೆದ ಕೂಡಲೇ ಫಳಫಳ ಅನ್ನುತ್ತದೆ, ಒಂದಷ್ಟು ದಿನ ಕಳೆದ ಮೇಲೆ ಗೊತ್ತಾಗುತ್ತದೆ, ಚಹಾ ಚೆಲ್ಲಿದರೂ ಹೀರಿಕೊಂಡು ಕಪ್ಪಾಗುತ್ತದೆ. ಅದಕ್ಕೆ ಯಾರ ಕಣ್ಣಿಗೂ ಬೀಳದ ಮೂಲೆಯ ಒಂದು ಟೈಲ್ಸ್‌ಗೆ ಮೊದಲು ಹಾಕಿ ಬಿಟ್ಟು ನೋಡುತ್ತೇವೆ. ಅದು ಕೆಟ್ಟರೆ ಒಡೆದು ತೆಗೆದು ಇನ್ನೊಂದು ಕೂಡಿಸುತ್ತೇವೆ. ಉಳಿದ ನೆಲ ಉಳಿಯುತ್ತದೆ.

ಸಿಕಂದರಾಬಾದ್ ಸ್ಟೇಷನ್ ಎದುರಿಗೆ ಫುಟ್‌ಪಾತ್ ಮೇಲೆ ಒಬ್ಬ ಹಲ್ಲಿನವನು ಕೂರುತ್ತಾನೆ, ಕೂತಲ್ಲಿಯೇ ಬೆಳ್ಳಗೆ ಮಾಡುತ್ತಾನಂತೆ. ವಿಚಾರಿಸುತ್ತೇನೆ. ಮೂಲೆಯ ಟೈಲ್ಸ್ ನೋಡದೆ ನಿನ್ನ ಬಾಯಿಗೆ ಯಾರೂ ಏನೂ ಹಚ್ಚುವುದಿಲ್ಲ. ಆ ಚಿಂತೆ ನನಗೆ ಬಿಡು.

ನಿನ್ನ ಅಪ್ಪ,
ಅಂಬಾದಾಸ


ಊರಿನಿಂದ
೨೨ ಮಾರ್ಚ್ ೨೦೦೬

ಅಪ್ಪಾ,

ತಿಂಗಳುಗಟ್ಟಲೆ ಎಂದರೆ ಜೂನ್ ದಾಟಿಬಿಡುತ್ತದೆ. ಡಾಕ್ಟರ್‌ಗೆ ಅವರ ಹಲ್ಲು ಬೆಳ್ಳಗಿವೆ, ಅವಸರ ಯಾಕೆ ಇರುತ್ತದೆ ಹೇಳು.

ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಹೋದ ವಾರ ನಿಂಬೆಹಣ್ಣಿಗೆ ಸೋಡಾಪುಡಿ ಕಲಸಿ ದಿನಾ ತಿಕ್ಕಿದೆ. ಗೆಳತಿ ವಿಜಯಶ್ರೀ ಹೇಳಿದ್ದಳು, ಅವಳಿಗೆ ಟಿವಿ ಹೇಳಿತ್ತು. ಬಣ್ಣ ಹಾಗೆಯೇ ಇದೆ. ಒಸಡು ಮಾತ್ರ ಕೆಂಪಗೆ ಬಾತು ಉಪ್ಪಿನಕಾಯಿ ನೋಡಿದರೆ ಕಣ್ಣಲ್ಲಿ ನೀರು ಬರುತ್ತಿದೆ. ಆಯಿ ನಿಂಬೆಹಣ್ಣನ್ನೆಲ್ಲ ಅಡಗಿಸಿಟ್ಟು, ‘ಹುಳಿ ಹಾಕಿ ತಿಕ್ಕಾಕ ಅದೇನು ತಾಮ್ರದ ಚರಿಗೆ ಅಂತ ಮಾಡಿಯೇನು?’ ಎಂದು ಬೈದಳು.

ಮೊನ್ನೆ ಕನ್ನಡಿಯ ಮುಂದೆ ನಿಂತು ಬಾಯಿ ಮುಚ್ಚಿ ನಗುವುದನ್ನು ಕಲಿಯಲು ನೋಡಿದೆ. ಹಾಗೆ ನಕ್ಕರೆ ಯಾರನ್ನೋ ಹಂಗಿಸುವವಳ ಹಾಗೆ ಕಾಣುತ್ತೇನೆ. ಆ ಮೇಡಂ ಇನ್ನೊಬ್ಬಳನ್ನು ಹುಡುಕಿಕೊಳ್ಳುವ ಮೊದಲು ಏನಾದರೂ ಮಾಡು. ಆ ಸ್ಟೇಷನ್ ಎದುರಿನವನನ್ನು ಕೇಳಿದೆಯಾ?

ಭಾಗ್ಯಾ


ಮಿಯಾಪುರ
೯ ಏಪ್ರಿಲ್ ೨೦೦೬

ಭಾಗ್ಯವ್ವಾ,

ನಿಂಬೆಹಣ್ಣು ಬಿಟ್ಟೆಯೋ ಇಲ್ಲವೋ ಮೊದಲು ಬರೆ. ಆಯಿ ಬೈದದ್ದು ಕಡಿಮೆಯಾಯಿತು.

ಒಳ್ಳೆಯ ಸುದ್ದಿ ಇದೆ. ರಜೆಯ ದಿನ ನಮ್ಮ ಹುಸೇನಪ್ಪ ಸಿಕಂದರಾಬಾದಿಗೆ ಹೋಗಿ ಆ ಮನುಷ್ಯನ ಹತ್ತಿರ ಹಲ್ಲು ಮಾಡಿಸಿಕೊಂಡು ಬಂದ. ನಿನ್ನ ವಿಷಯ ಅವನಿಗೆ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅವನ ಹಲ್ಲು ನಮ್ಮದಕ್ಕಿಂತ ಕಂದು ಎಂದು ನಿನಗೆ ಗೊತ್ತು. ಈಗ ನೋಡಬೇಕು ನೀನು, ಹೊಸದಾಗಿ ಸುಣ್ಣ ಹೊಡೆದ ಗೋಡೆಯೇ. ತಂಡದವರೆಲ್ಲ ಸುತ್ತ ನಿಂತು ನೋಡಿದರು. ತೆಲುಗಿನವನೊಬ್ಬ, ‘ಪೆಳ್ಳಿಕೊಡುಕು’ ಎಂದು ಚುಡಾಯಿಸಿದ, ಮದುವೆಯ ಗಂಡು ಎಂದು. ಈ ವಯಸ್ಸಿನಲ್ಲಿ ಹಾಗೆ ಅನ್ನಿಸಿಕೊಂಡು ಅವನಿಗೂ ಒಳಗೊಳಗೇ ಹಿಗ್ಗು. ಸಾಬೂನು ಕೊಳ್ಳುವ ನೆಪದಲ್ಲಿ ಅಂಗಡಿಗೆ ಹೋಗಿ ಅಲ್ಲಿಯ ಕನ್ನಡಿಯಲ್ಲಿ ನೋಡಿಕೊಂಡು ಬಂದ.

ಆ ಮನುಷ್ಯ ಒಂದು ಚಿಕ್ಕ ಬಾಟಲಿಯಲ್ಲಿ ಹತ್ತಿ ಅದ್ದಿ ಹಲ್ಲಿನ ಮೇಲೆ ಒರೆಸಿದನಂತೆ. ನಾಲಿಗೆ ಹೊರಳಿಸದಂತೆ ಬಾಯಿಯೊಳಗೆ ಬಟ್ಟೆ ಇಟ್ಟಿದ್ದ. ಮೂಗಿಗೆ ಘಾಟು ಹೊಡೆಯಿತು, ಒಸಡು ಚುರುಗುಟ್ಟಿತು, ಅಷ್ಟೆ. ಬಾಯಿ ಮುಕ್ಕಳಿಸಿ ಉಗುಳಿದರೆ ಅಚ್ಚ ಬಿಳಿ. ಏನು ಔಷಧ ಎಂದರೆ, ‘ಘರ್ ಕಾ ನುಸ್ಖಾ’ ಎಂದ, ಮನೆಯ ಮದ್ದು ಎಂದು.

ಈಗ ತಣ್ಣೀರು ಕುಡಿದರೆ ಸ್ವಲ್ಪ ಜುಮ್ ಎನ್ನುತ್ತದೆ. ಡಾಕ್ಟರ್ ಬಾಯಿಯವರೂ ಹಾಗೆ ಆಗುತ್ತದೆ ಎಂದಿದ್ದರಲ್ಲ, ಹಾಗಾಗಿ ಚಿಂತೆಯಿಲ್ಲ. ಆದರೂ ಅವಸರ ಬೇಡ. ಇನ್ನಷ್ಟು ದಿನ ನೋಡೋಣ.

ಬಿಸಿಲು ಜೋರಾಗಿದೆ. ಕೌಂಟರಿನ ಜಾಗದ ನೆಲ ಮುಗಿಯಿತು. ಗಾಜಿನ ಗೋಡೆಯಿಂದ ಬೆಳಕು ನೇರವಾಗಿ ಅಲ್ಲಿಗೇ ಬೀಳುತ್ತದೆ. ನೀನು ಅಲ್ಲಿ ಕೂತರೆ ರಸ್ತೆಯಿಂದಲೇ ಕಾಣುತ್ತೀಯ.

ನಿನ್ನ ಅಪ್ಪ,
ಅಂಬಾದಾಸ


ಊರಿನಿಂದ
೧೬ ಏಪ್ರಿಲ್ ೨೦೦೬

ಅಪ್ಪಾ,

ನಿನ್ನ ಪತ್ರವನ್ನು ಆಯಿಗೆ ಎಷ್ಟು ಸಲ ಓದಿ ಹೇಳಿದೆನೋ. ‘ಹುಸೇನ್ಯಾ ಈಗ ಎರಡನೇ ಲಗ್ನ ಆಗ್ತಾನೇನು ಕೇಳು’ ಎನ್ನುತ್ತಾಳೆ. ಕಾಕಾನಿಗೆ ನನ್ನ ನಮಸ್ಕಾರ ಹೇಳು. ನನ್ನ ಸಲುವಾಗಿ ಮೊದಲು ಅವನು ಬಾಯಿ ತೆರೆದನಲ್ಲ, ಆ ಉಪಕಾರ ನಾನು ಮರೆಯುವುದಿಲ್ಲ.

ಪಕ್ಕದ ಮನೆಯ ಬೂದೆಪ್ಪನವರು ಬಸವ ಜಯಂತಿ ಮುಗಿಸಿ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಿದ್ದಾರೆ. ನಾನೂ ಅವರ ಜೊತೆ ಬರುತ್ತೇನೆ. ಬಂದ ಮರುದಿನವೇ ಸಿಕಂದರಾಬಾದಿಗೆ ಹೋಗೋಣ. ಅಲ್ಲಿಂದ ನೇರವಾಗಿ ಆ ಮೇಡಂ ಹತ್ತಿರ ಹೋಗಿ ನಕ್ಕು ಬರುತ್ತೇನೆ.

ನಿನ್ನ ಬಗ್ಗೆ ಒಂದು ಸಾಲೂ ಬರೆಯಲಿಲ್ಲವಲ್ಲ. ಊಟ ಸರಿಯಾಗಿ ಮಾಡುತ್ತೀಯಾ? ಬರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತರುತ್ತೇನೆ.

ನಿನ್ನ ಭಾಗ್ಯಾ


ಮಿಯಾಪುರ
೨೪ ಏಪ್ರಿಲ್ ೨೦೦೬

ಭಾಗ್ಯಾ,

ಈಗ ಬರಬೇಡ. ಕೋಣೆಯಲ್ಲಿ ಜನ ಹೆಚ್ಚಾಗಿದ್ದಾರೆ, ನೀರಿನ ತೊಂದರೆಯೂ ಇದೆ. ನಾವು ಪಟಾನ್‌ಚೆರುವಿಗೆ ಒಂದು ಫ್ಯಾಕ್ಟರಿಯ ಕ್ಯಾಂಟೀನ್ ಕೆಲಸಕ್ಕೆ ಹೋಗುತ್ತಿದ್ದೇವೆ, ಅಲ್ಲಿಯೇ ಉಳಿಯಬೇಕಾಗುತ್ತದೆ. ಹಲ್ಲಿನ ವಿಷಯ ಸದ್ಯಕ್ಕೆ ಬಿಡು. ಹುಸೇನಪ್ಪನದನ್ನು ನೋಡಿ ಏನೂ ತಿಳಿಯುವುದಿಲ್ಲ.

ರೊಟ್ಟಿ ಕಳಿಸಬೇಡ.

ಅಪ್ಪ


ಊರಿನಿಂದ
೨೯ ಏಪ್ರಿಲ್ ೨೦೦೬

ಅಪ್ಪಾ,

ಒಂದು ಪತ್ರದಲ್ಲಿ ರಸ್ತೆಯಿಂದಲೇ ಕಾಣುತ್ತೀಯ ಎನ್ನುತ್ತೀ, ಇನ್ನೊಂದರಲ್ಲಿ ಬರಬೇಡ ಎನ್ನುತ್ತೀ. ಬರೆದ ಕಾರಣಗಳೂ ನೆಪದ ಹಾಗಿವೆ. ನೀನು ಇಷ್ಟು ಒಣಗಿಸಿ ಬರೆದದ್ದು ಇದೇ ಮೊದಲು. ಅವ್ವ ತೀರಿಕೊಂಡ ವರ್ಷ ಕೂಡ ನಿನ್ನ ಪತ್ರದಲ್ಲಿ ನಗುವ ಒಂದು ಮಾತಾದರೂ ಇರುತ್ತಿತ್ತು.

ನಾನು ತಿಳಿದುಕೊಂಡದ್ದು ಇಷ್ಟು. ಗಾಜಿನ ಕಟ್ಟಡದ ಮುಂದೆ ಮಗಳ ಜೊತೆ ನಿಂತರೆ ನಿನ್ನ ಸೂಪರ್‌ವೈಸರ್ ಮುಂದೆ ನಿನಗೆ ನಾಚಿಕೆ. ಇರಲಿ. ಬೂದೆಪ್ಪನವರಿಗೆ ನಾನು ಬರುವುದಿಲ್ಲ ಎಂದು ಹೇಳಿಬಿಟ್ಟೆ.

ಯಾದಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಸಂತೆಯ ದಿನ ಅಂಥವನೇ ಒಬ್ಬ ಬಂದು ಕೂರುತ್ತಾನಂತೆ. ಅದೇ ಹತ್ತಿ, ಅದೇ ಬಾಟಲಿ. ಈ ಸಂತೆ ಬಿಟ್ಟು ಮುಂದಿನ ಮಂಗಳವಾರದ ಸಂತೆಗೆ ವಿಜಯಶ್ರೀಯ ಜೊತೆ ಹೋಗಿ ಮಾಡಿಸಿಕೊಳ್ಳುತ್ತೇನೆ. ಹುಸೇನಪ್ಪ ಕಾಕಾನಿಗೆ ಸರಿಹೋದದ್ದು ನನಗೂ ಸರಿಹೋಗುತ್ತದೆ. ಮೂಲೆಯ ಟೈಲ್ಸ್ ನೋಡಿದ್ದಾಯಿತಲ್ಲ.

ಭಾಗ್ಯಶ್ರೀ


ಮಿಯಾಪುರ
೮ ಮೇ ೨೦೦೬, ಸೋಮವಾರ

ಭಾಗ್ಯವ್ವನಿಗೆ ಹುಸೇನಪ್ಪ ಕಾಕಾ ಬರೆಯುವುದು.

ನಾವು ಪಟಾನ್‌ಚೆರುವಿನಿಂದ ನಿನ್ನೆ ಕೋಣೆಗೆ ಬಂದೆವು. ನಿನ್ನ ಪತ್ರ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಿಮ್ಮಪ್ಪ ಓದಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಬೆಳಿಗ್ಗೆ ನಾನು ತೆಗೆದು ಓದಿದೆ, ತಪ್ಪಾದರೆ ಆಗಲಿ. ನಿಮ್ಮೂರ ಬೂತ್‌ಗೆ ಫೋನ್ ಹಚ್ಚಿದರೆ ಲೈನ್ ಸತ್ತಿದೆ. ಅಂಚೆ ನಂಬಿದರೆ ನಾಳೆಯ ಸಂತೆ ಮುಗಿದಿರುತ್ತದೆ. ಅದಕ್ಕೆ ಗುರುಮಠಕಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಇವತ್ತೇ ಮುಟ್ಟಿಸುತ್ತೇನೆ ಎಂದಿದ್ದಾನೆ.

ನಾಳೆ ಸಂತೆಗೆ ಹೋಗಬೇಡ. ಹೋದರೂ ಬಳೆ ಕೊಂಡು ಬಾ, ಬಾಯಿ ತೆರೆಯಬೇಡ.

ನನ್ನ ಹಲ್ಲು ಬೆಳ್ಳಗಾಗಿಲ್ಲ ತಾಯಿ. ಹುಟ್ಟಿದಾಗಿನಿಂದ ಹೇಗಿದ್ದವೋ ಹಾಗೆಯೇ ಇವೆ. ಆ ಮನುಷ್ಯನ ಮುಖ ನಾನು ನೋಡಿಲ್ಲ. ಹೋದವನು ನಿಮ್ಮಪ್ಪ. ನಿನಗೆ ನನ್ನ ಹೆಸರು ಬರೆದಿದ್ದಾನೆ ಎನ್ನುವುದೂ ನಿನ್ನ ಪತ್ರ ಓದಿಯೇ ನನಗೆ ಗೊತ್ತಾದದ್ದು.

ಬೆಳ್ಳಗಾದದ್ದು ನಿಜ. ಸ್ವಲ್ಪ ದಿನ ಬಹಳ ಖುಷಿಯಲ್ಲಿದ್ದ, ಕೆಲಸದಲ್ಲಿ ಹಾಡು ಬೇರೆ. ಆಮೇಲೆ ಒಸಡು ಬಿಳುಚಿ ಸಿಪ್ಪೆ ಎದ್ದಿತು. ಹಲ್ಲಿನ ಹೊಳಪು ಹೋಗಿ ಉಸುಕು ತಿಕ್ಕಿದ ಹಾಗೆ ಆಯಿತು. ಚಹಾ ಕುಡಿದರೆ ಕಪ್ಪು ಹಿಡಿಯಿತು, ಈಗ ಮೊದಲಿಗಿಂತ ಕರ್ರಗಿವೆ. ತಣ್ಣೀರು ಆಗುವುದಿಲ್ಲ, ಬಿಸಿ ಆಗುವುದಿಲ್ಲ, ಬಸ್ಸಿನ ಕಿಟಕಿಯ ಗಾಳಿ ತಾಕಿದರೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಟವೆಲ್ ಬಾಯಿಗೆ ಸುತ್ತಿಕೊಂಡು ಕೆಲಸ ಮಾಡುತ್ತಾನೆ, ಸಿಮೆಂಟಿನ ಧೂಳಿಗೆ ಎಂದು ಹೇಳುತ್ತಾನೆ. ಹೋದ ವಾರ ರೊಟ್ಟಿ ಕಡಿಯಲು ಹೋಗಿ ಮುಂದಿನ ಹಲ್ಲು ಅರ್ಧ ಮುರಿಯಿತು. ಈಗ ಗಂಜಿಯ ಮೇಲಿದ್ದಾನೆ.

ಪಟಾನ್‌ಚೆರುವಿನಿಂದಲೇ ನಾನು ಬೈದು ಶರ್ವರಿ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದೆ. ಅವರು ದೀಪ ಹಿಡಿದು ಒಂದೊಂದೇ ಹಲ್ಲು ನೋಡಿದರು. ಆಮೇಲೆ, ‘ನಾ ತಿಂಗಳುಗಟ್ಟಲೆ ಅಂದದ್ದು ಇದರ ಸಲುವಾಗೇ ಅಂಬಾದಾಸ. ಇಲ್ಲಿ ಬರೋ ಕಂಪ್ಯೂಟರ್ ಹುಡುಗರವು ಗಟ್ಟಿ ಹಲ್ಲು, ಬರೇ ಮ್ಯಾಲಿನ ಕಲೆ. ನಿಮ್ಮವು ಮೊದಲೇ ಸೊರಗಿದ ಹಲ್ಲು. ಅವ ಹಚ್ಚಿದ್ದು ಔಷಧ ಅಲ್ಲ, ಆಸಿಡ್. ಹಲ್ಲಿನ ಮ್ಯಾಲಿನ ಪದರನ್ನೇ ತಿಂದೈತಿ. ಅದು ಮತ್ತ ಬೆಳಿಯೂದಿಲ್ಲ’ ಎಂದರು.

ಹೊರಗೆ ಬಂದ ಮೇಲೆ ನಾನು ಕೇಳಿದೆ, ‘ದಿನಾ ಆಸಿಡ್ ಕೈಯಾಗ ಹಿಡಿಯಾಂವ ನೀ. ವಾಸನಿ ಗೊತ್ತಾಗಲಿಲ್ಲೇನು?’

‘ಗೊತ್ತಾತು,’ ಎಂದ. ‘ಅಷ್ಟರಾಗ ಬಾಯಿ ತೆರದಿದ್ದೆ. ನನಗ ತಡೀತಂದ್ರ ಆಕಿಗೂ ತಡೀತೈತಿ ಅಂದ್ಕೊಂಡೆ. ಮೂಲಿ ಟೈಲ್ಸ್ ನಾನೇ ಅಲ್ಲೇನೋ.’

ಇದನ್ನು ನಿನಗೆ ಬರೆಯಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ಆಣೆ ಮುರಿದಿದ್ದೇನೆ.

ನಿನ್ನ ಕಾಕಾ,
ಹುಸೇನಪ್ಪ


ಊರಿನಿಂದ
೧೧ ಜೂನ್ ೨೦೦೬

ಅಪ್ಪಾ,

ಮಿಯಾಪುರದಿಂದ ಊರು ಮುಟ್ಟಿದ ಮೇಲೆ ಬರೆಯಲು ಕೂತಾಗಲೆಲ್ಲ ಹಾಳೆ ಮಡಚಿಟ್ಟು ಏಳುತ್ತಿದ್ದೆ. ನಿನ್ನ ಕೋಣೆಯಲ್ಲಿ ಇದ್ದಷ್ಟು ದಿನ ಇಬ್ಬರೂ ಬರೀ ಅಡಿಗೆಯ ಮಾತು ಆಡಿದೆವು, ಗಂಜಿಗೆ ಉಪ್ಪು ಸಾಕೋ ಇಲ್ಲವೋ ಎಂದು.

ಕಂಡಕ್ಟರ್ ಅವತ್ತು ಚೀಟಿ ಕೊಟ್ಟಾಗ ನಾನು ಮರುದಿನದ ಸಂತೆಗೆಂದು ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ. ಆಯಿಗೆ ಓದಿ ಹೇಳಿದೆ. ಯಾವುದಕ್ಕೂ ನಗೆಮಾತು ಹುಡುಕುವ ನಿನ್ನ ಅವ್ವ ಅವತ್ತು ಮಿಸ್ರಿಯ ಡಬ್ಬಿ ಮುಚ್ಚಿ ಆಚೆ ಇಟ್ಟಳು. ಆಮೇಲೆ, ‘ನನ್ನ ಮಗಗ ಮೊದಲಿಂದನೂ ಬುದ್ಧಿ ಕಡಿಮಿ’ ಎಂದು ಅತ್ತಳು.

ನನಗೆ ನಿನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ. ಬಸ್ಸಿಳಿದಾಗ ನೀನು ಟವೆಲ್ ಹಿಡಿದುಕೊಂಡೇ ಮಾತಾಡಿದಿ. ನಾನು ಇಷ್ಟು ವರ್ಷ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆಯೇ, ಅದೇ ಎಡಗೈ. ಅದನ್ನು ಕಿತ್ತುಕೊಂಡು ನಿನ್ನ ಬಾಯಿ ನೋಡಿದೆ.

ಶರ್ವರಿ ಡಾಕ್ಟರ್ ನಿನ್ನ ಮುರಿದ ಹಲ್ಲಿಗೆ ಹೊದಿಕೆ ಹಾಕುವಾಗ ನಾನು ನಿನ್ನ ಕಾಲ ಹತ್ತಿರ ಕೂತಿದ್ದೆ, ನಿನ್ನ ಬೆರಳುಗಳು ಬಿಗಿಯುವುದನ್ನೇ ನೋಡುತ್ತಿದ್ದೆ. ಅವರು ನನ್ನ ಹಲ್ಲನ್ನೂ ನೋಡಿ ಮತ್ತೆ ಅದೇ ಮಾತು ಹೇಳಿದರು, ನಿಧಾನ, ಒಂದೊಂದಾಗಿ, ಪೂರಾ ಹೋಗುವುದಿಲ್ಲ ಎಂದು. ಈ ಸಲ ಆ ಮಾತು ಕೇಳಲು ಸಮಾಧಾನವಾಗಿತ್ತು. ‘ಸದ್ಯಕ್ಕ ಬೇಡ್ರೀ’ ಎಂದೆ.

ನಿನಗೆ ಹೇಳದೆ ಒಂದು ಮಧ್ಯಾಹ್ನ ಆ ಮೇಡಂ ಹತ್ತಿರವೂ ಹೋಗಿದ್ದೆ. ಇದ್ದ ಹಲ್ಲಿನಲ್ಲೇ ಕೈ ಅಡ್ಡ ಹಿಡಿಯದೆ ಮಾತಾಡಿದೆ. ಜಾಗ ಹೋದ ವಾರವೇ ತುಂಬಿತು ಎಂದರು. ಇರಬಹುದು. ಇಲ್ಲದೆಯೂ ಇರಬಹುದು. ಹೊರಗೆ ಬಂದು ಆ ಹೊಸ ಕಟ್ಟಡದ ಗಾಜಿನಿಂದ ನೀನು ಹಾಕಿದ ನೆಲ ನೋಡಿದೆ. ಒಳಗೆ ಹೋಗಿ ನಿಲ್ಲಬೇಕು ಎನಿಸಿತು, ವಾಚ್‌ಮನ್ ಬಿಡಲಿಲ್ಲ.

ಇಲ್ಲಿ ಬೂದೆಪ್ಪನವರು ಸಣ್ಣ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿದ್ದಾರಲ್ಲ, ಅವಳಿಗೆ ಇನ್ನೂ ಹಾಲುಹಲ್ಲು. ದೊಡ್ಡ ಹಲ್ಲು ಒಳಗೆ ತಯಾರಾಗುತ್ತಿರುತ್ತವೆ, ಈಗ ಕುಡಿಯುವ ನೀರೇ ಮುಖ್ಯ ಎಂದು ಡಾಕ್ಟರ್ ಹೇಳಿದ್ದರು. ಬೋರ್‌ವೆಲ್ಲಿನದು, ಬಾವಿಯದು ಎಂದು ಎರಡು ಬಾಟಲಿಯಲ್ಲಿ ನೀರು ತುಂಬಿ ಯಾದಗಿರಿಯ ನೀರಿನ ಆಫೀಸಿನಲ್ಲಿ ಪರೀಕ್ಷೆಗೆ ಕೊಟ್ಟಿದ್ದೆ. ಬೋರ್‌ವೆಲ್ಲಿನದು ಮಕ್ಕಳಿಗೆ ಬೇಡ, ಹಳೆಯ ಬಾವಿಯದನ್ನು ಕಾಯಿಸಿ ಕೊಡಿ ಎಂದರು. ಬಾವಿ ದೂರ. ಬೆಳಿಗ್ಗೆ ಎದ್ದು ಅವಳಿಗೆ ಒಂದು ಕೊಡ ತಂದಿಡುತ್ತೇನೆ. ಓಣಿಯವರು ನಗುತ್ತಾರೆ. ಸುಸ್ತಾಗುತ್ತದೆ, ಆದರೂ ತರುತ್ತೇನೆ.

ಒಂದು ಮಾತು ಬರೆದು ಮುಗಿಸುತ್ತೇನೆ. ಮೂಲೆಯ ಟೈಲ್ಸ್ ಕೆಟ್ಟರೆ ಒಡೆದು ತೆಗೆದು ಇನ್ನೊಂದು ಕೂಡಿಸುತ್ತೇವೆ ಎಂದು ಬರೆದಿದ್ದಿ. ನಿನ್ನ ಜಾಗಕ್ಕೆ ನಾನು ಯಾರನ್ನು ತಂದು ಕೂಡಿಸಲಿ ಅಪ್ಪಾ?

ನಿನ್ನ ಮಗಳು,
ಭಾಗ್ಯಾ


ಮಿಯಾಪುರ
೨೫ ಜೂನ್ ೨೦೦೬

ಭಾಗ್ಯವ್ವಾ,

ನಿನ್ನ ಪತ್ರ ಬಂದು ವಾರವಾಯಿತು.

ಮಳೆ ಶುರುವಾಗಿದೆ. ಗಂಜಿ ಬಿಟ್ಟು ಈಗ ಸಾರಿನಲ್ಲಿ ನೆನೆಸಿದ ರೊಟ್ಟಿಗೆ ಬಂದಿದ್ದೇನೆ. ಮೊನ್ನೆ ಹುಸೇನಪ್ಪ, ‘ನನ್ನ ಹೆಸರಲೇ ಮದುವಿ ಗಂಡಾದಿ, ಊಟಾನೂ ನನ್ನ ಹೆಸರಲೇ ಉಂಡಿದ್ರ ಪುಣ್ಯ ಬರ್ತಿತ್ತು’ ಎಂದ. ಟವೆಲ್ ಹುಡುಕಲು ಪುರಸೊತ್ತಿಲ್ಲದೆ ನಕ್ಕುಬಿಟ್ಟೆ. ಗಾಳಿ ತಾಕಿ ಬಹಳ ಹೊತ್ತು ನೋಯುತ್ತಿತ್ತು.

ಆ ಕಟ್ಟಡ ಒಪ್ಪಿಸಿದೆವು. ಕೊನೆಯ ದಿನ ಕೌಂಟರ್ ತಂದು ಇಡುವ ಮುಂಚೆ ಸೂಪರ್‌ವೈಸರ್ ನೆಲವೆಲ್ಲ ನೋಡಿಕೊಂಡು ಬಂದ. ನಾನು ಆಸಿಡ್ ಹಾಕಿ ನೋಡಿದ್ದ ಟೈಲ್ಸ್ ಕೌಂಟರಿನ ಅಡಿಯ ಮೂಲೆಯಲ್ಲೇ ಇತ್ತು. ಹೊಳಪು ಹೋಗಿ, ಯಾರೋ ಚಹಾ ಚೆಲ್ಲಿ ಕಪ್ಪಾಗಿತ್ತು. ‘ಇದನ್ನ ಒಡದು ಬ್ಯಾರೆ ಹಾಕು’ ಎಂದ. ಉಳಿ ಸುತ್ತಿಗೆ ತಂದು ಅದರ ಮುಂದೆ ಕೂತೆ. ಕೂತವನಿಗೆ ನಿನ್ನ ಪತ್ರದ ಕೊನೆಯ ಮಾತು ನೆನಪಾಯಿತು. ಅವನು ಲಿಫ್ಟಿನ ಕಡೆ ಹೋಗುವವರೆಗೆ ಸುಮ್ಮನೆ ಕೂತಿದ್ದು ಎದ್ದು ಬಂದೆ.

ಅದನ್ನು ಒಡೆಯಲಿಲ್ಲ, ಭಾಗ್ಯಾ. ಇದ್ದಲ್ಲಿಯೇ ಇರಲಿ ಎಂದು ಬಿಟ್ಟೆ.

ನಿನ್ನ ಅಪ್ಪ,
ಅಂಬಾದಾಸ